ಕೊನೆಯ ಕೈ: ಬಣ್ಣ ಹಾಕಿದ ಪುಟ್ಟ ಗೊಂಬೆಗೆ ವಾರ್ನಿಷ್

ಕಪ್ಪು ಮೇಲಂಗಿ ತೊಟ್ಟ, ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಸೈನಿಕ. ಮೇಲಂಗಿಯ ಮಡಿಕೆಗಳಲ್ಲಿ ಕಡುನೀಲಿಯಿಂದ ಕಪ್ಪಿಗೆ ಇಳಿಯುವ ಐದಾರು ಛಾಯೆ, ಕಣ್ಣಲ್ಲಿ ಸೂಜಿಮೊನೆಯಷ್ಟು ಬಿಳಿ, ಕತ್ತಿಯ ಅಂಚಿನುದ್ದಕ್ಕೂ ಕೂದಲೆಳೆಯಂಥ ಬೆಳಕಿನ ಗೆರೆ. ಇಂಥ ಒಂದು ಗೊಂಬೆಗೆ ಹತ್ತಿಪ್ಪತ್ತು ಗಂಟೆ ಸುಲಭವಾಗಿ ಹಿಡಿಯುತ್ತದೆ. ಆಮೇಲೆ ಹೊಳಪು ಕೊಡದ ಮ್ಯಾಟ್ ವಾರ್ನಿಷಿನ ಸ್ಪ್ರೇ ಡಬ್ಬಿ ಎತ್ತಿ ಎರಡು ಸಲ ಪುಸ್ಸೆನ್ನಿಸಿ, ಒಣಗಲಿ ಎಂದು ಇಟ್ಟು ಬಂದು ಹತ್ತು ನಿಮಿಷ ಬಿಟ್ಟು ನೋಡಿದರೆ ಅಲ್ಲಿ ನಿಂತಿರುವುದು ಮೈತುಂಬ ಬೂದಿ ಬಳಿದುಕೊಂಡ ಆಕೃತಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಹಿಡಿದವನೂ ಕುಂಬಾರನೇ ಎನ್ನುವುದಷ್ಟೇ ವ್ಯತ್ಯಾಸ.

ಬೈಗುಳ ಬೀಳುವುದು ಡಬ್ಬಿಗೆ. ಒಮ್ಮೊಮ್ಮೆ ಅದರದ್ದೂ ತಪ್ಪಿರುತ್ತದೆ, ಇಲ್ಲವೆಂದಲ್ಲ. ಆದರೆ ಬಹಳಷ್ಟು ಸಲ ಕೆಟ್ಟಿರುವುದು ನಮ್ಮ ಎಣಿಕೆ. ಬಣ್ಣದ ಕೆಲಸ ಮುಗಿಯಿತು, ಇನ್ನು ವಾರ್ನಿಷ್ ಹೊಡೆದು ಭದ್ರ ಮಾಡಿಬಿಟ್ಟರೆ ಆಯಿತು ಎಂದುಕೊಳ್ಳುತ್ತೇವೆ, ಅದೇನೋ ಪ್ಯಾಕಿಂಗ್ ಕೆಲಸ ಎನ್ನುವ ಹಾಗೆ. ವಾರ್ನಿಷ್ ಬಣ್ಣದ್ದೇ ಕೊನೆಯ ಕೈ. ಅದರಲ್ಲಿ ವರ್ಣದ್ರವ್ಯ ಇಲ್ಲ, ನಿಜ. ಆದರೆ ಕೆಳಗಿರುವ ಪ್ರತಿಯೊಂದು ಬಣ್ಣ ಕಣ್ಣಿಗೆ ಹೇಗೆ ಕಾಣಬೇಕು ಎಂದು ತೀರ್ಮಾನಿಸುವುದು ಅದೇ.

ತಪ್ಪಿದರೆ ತಿದ್ದುವುದೂ ಸುಲಭವಲ್ಲ. ಕ್ಯಾನ್ವಾಸಿನ ತೈಲಚಿತ್ರಕ್ಕೆ ಹಚ್ಚುವ ವಾರ್ನಿಷನ್ನು ಮುಂದೊಂದು ದಿನ ತೆಗೆಯಬಹುದು ಎಂಬ ಲೆಕ್ಕದಲ್ಲೇ ಹಚ್ಚುತ್ತಾರೆ. ಹಳದಿಗಟ್ಟಿದಾಗ ಪರಿಣತರು ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಬಿಡಿಸಿ ಹೊಸದು ಹಚ್ಚಬಲ್ಲರು. ನಮ್ಮ ಗೊಂಬೆಯಲ್ಲಿ ಕೆಳಗಿರುವುದೂ ಅಕ್ರಿಲಿಕ್, ಮೇಲಿರುವುದೂ ಹೆಚ್ಚಾಗಿ ಅಕ್ರಿಲಿಕ್. ಒಂದನ್ನು ಕರಗಿಸುವ ದ್ರಾವಕ ಇನ್ನೊಂದನ್ನು ಸುಮ್ಮನೆ ಬಿಡುವುದಿಲ್ಲ. ಹಾಗಾಗಿ ಹಚ್ಚುವ ಮೊದಲೇ ವಿಷಯ ತಿಳಿದಿರುವುದು ಒಳ್ಳೆಯದು.

ಹೊಳಪು ಎಲ್ಲಿಂದ ಬರುತ್ತದೆ

ವಾರ್ನಿಷ್ ಎಂದರೆ ಬಣ್ಣವಿಲ್ಲದ ರಾಳದ ತೆಳು ಪೊರೆ. ಪೊರೆಯ ಮೇಲ್ಮೈ ನುಣುಪಾಗಿದ್ದರೆ ಅದರ ಮೇಲೆ ಬಿದ್ದ ಬೆಳಕಿನ ಒಂದು ಪಾಲು ಕನ್ನಡಿಗೆ ಬಡಿದಂತೆ ಒಂದೇ ದಿಕ್ಕಿಗೆ ಪುಟಿಯುತ್ತದೆ. ಇದು ಗ್ಲಾಸಿ. ಆ ಒಂದು ಕೋನ ಬಿಟ್ಟು ಬೇರೆ ಎಲ್ಲಿಂದ ನೋಡಿದರೂ ಬಣ್ಣ ಗಾಢವಾಗಿ, ನೀರಲ್ಲಿ ನೆನೆದ ಕಲ್ಲಿನ ಹಾಗೆ ಕಾಣುತ್ತದೆ. ಮ್ಯಾಟ್ ವಾರ್ನಿಷಿನಲ್ಲಿ ಇಂಥದೇ ರಾಳದ ಜೊತೆಗೆ ಬಲು ನುಣ್ಣಗಿನ ಪುಡಿ ಬೆರೆತಿರುತ್ತದೆ, ಸಾಮಾನ್ಯವಾಗಿ ಸಿಲಿಕಾ. ದ್ರವ ಆರಿ ಪೊರೆ ಕುಗ್ಗಿದಂತೆ ಈ ಕಣಗಳು ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗುಗಳಾಗಿ ಎತ್ತುತ್ತವೆ. ಪುಟಿಯಬೇಕಾದ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ. ಹೊಳಪು ಹೋಗುತ್ತದೆ.

ಹಾಗಿದ್ದರೆ ಆ ಪುಡಿ ಬಿಳಿಯಾಗಿ ಏಕೆ ಕಾಣುವುದಿಲ್ಲ? ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ವಕ್ರೀಭವನ ಸೂಚ್ಯಂಕ ಸಿಲಿಕಾದ್ದು ಸುಮಾರು 1.46, ಅಕ್ರಿಲಿಕ್ ರಾಳದ್ದು 1.49ರ ಆಸುಪಾಸು. ಎರಡೂ ಇಷ್ಟು ಹತ್ತಿರ ಇರುವುದರಿಂದ ರಾಳದಲ್ಲಿ ಮುಳುಗಿದ ಕಣ ಬೆಳಕಿನ ದಾರಿ ತಪ್ಪಿಸುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಗಾಳಿಯ ಸೂಚ್ಯಂಕ 1. ಕಣಗಳ ನಡುವೆ ರಾಳ ಸಾಲದೆ ಗಾಳಿ ಸೇರಿಕೊಂಡರೆ ಪ್ರತಿ ಕಣದ ಅಂಚಿನಲ್ಲೂ ಬೆಳಕು ಚೆದುರಿ ಒಟ್ಟಾರೆ ಬಿಳುಪು ಕಾಣುತ್ತದೆ. ಗಾಜು ಪಾರದರ್ಶಕ, ಕುಟ್ಟಿದರೆ ಬಿಳಿ ಪುಡಿ. ಆ ಪುಡಿಗೆ ನೀರು ಹನಿಸಿದರೆ ಬಿಳುಪು ಬಹುಪಾಲು ಮಾಯ. ಗೊಂಬೆ ಬೂದಿ ಹಿಡಿಯುವುದರ ಹಿಂದೆಯೂ ಇರುವುದು ಇದೇ, ಅದನ್ನು ಉಳಿಸಿಕೊಳ್ಳುವ ಉಪಾಯದ ಹಿಂದೆಯೂ ಇದೇ. ಈ ಗಾಜಿನ ಪುಡಿಯನ್ನು ನೆನಪಿಟ್ಟುಕೊಂಡರೆ ಮುಂದಿನದ್ದರಲ್ಲಿ ಅರ್ಧ ತಾನಾಗಿಯೇ ಅರ್ಥವಾಗುತ್ತದೆ.

ಎಲ್ಲ ಸರಿಯಾಗಿ ನಡೆದಾಗಲೂ ಮ್ಯಾಟ್ ಒಂದಿಷ್ಟು ಬೆಲೆ ಕೇಳುತ್ತದೆ. ಚೆದುರಿದ ಬೆಳಕಿನ ಸ್ವಲ್ಪ ಪಾಲು ಯಾವ ಕೋನದಿಂದ ನೋಡಿದರೂ ಕಣ್ಣಿಗೆ ಬರುತ್ತಲೇ ಇರುವುದರಿಂದ ಕಪ್ಪು ಒಂದು ಮೆಟ್ಟಿಲು ಬೂದುಬಣ್ಣದ ಕಡೆಗೆ ಸರಿಯುತ್ತದೆ, ನೆರಳುಗಳು ಮಾಸುತ್ತವೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಮ್ಯಾಟ್ ಹೊಡೆಯಲಿರುವ ಗೊಂಬೆಯ ನೆರಳನ್ನು ಬೇಕೆನಿಸಿದ್ದಕ್ಕಿಂತ ತುಸು ಗಾಢವಾಗಿಯೇ ಹಾಕಬೇಕು. ಲೋಹವನ್ನು ಬೂದು, ಕಂದು, ಬಿಳಿ ಬಣ್ಣಗಳಿಂದಲೇ ಚಿತ್ರಿಸಿದ್ದರೆ ಮ್ಯಾಟ್ ಅನಿವಾರ್ಯ ಎನ್ನಬೇಕು, ಏಕೆಂದರೆ ಕತ್ತಿಯ ಮೇಲೆ ನೀವು ಬರೆದ ಮಿಂಚಿನ ಪಕ್ಕದಲ್ಲೇ ಕೋಣೆಯ ದೀಪದ ಮಿಂಚೂ ಕೂತರೆ ಎರಡೂ ಸುಳ್ಳಾಗುತ್ತವೆ. ಲೋಹದ ಪುಡಿ ಇರುವ ಮೆಟಾಲಿಕ್ ಬಣ್ಣದ ಕತೆ ಇದಕ್ಕೆ ತಿರುಗುಮುರುಗು. ಅದರ ಜೀವ ಇರುವುದೇ ಚಪ್ಪಟೆ ಪದರಗಳಿಂದ ಪುಟಿಯುವ ಬೆಳಕಿನಲ್ಲಿ. ಮ್ಯಾಟ್ ಬಿದ್ದರೆ ಬೆಳ್ಳಿ ಸಿಮೆಂಟಿನಂತಾಗುತ್ತದೆ.

ಇವೆರಡರ ನಡುವಿನದು ಸ್ಯಾಟಿನ್. ಇದನ್ನು ಜನ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ಅನ್ಯಾಯ. ಪುಡಿ ಕಡಿಮೆ ಇರುವುದರಿಂದ ಬಿಳುಪೇರುವ ಭಯ ಕಡಿಮೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ, ಚರ್ಮ, ಪಾದರಕ್ಷೆ, ಕುದುರೆಯ ಮೈ ಇವಕ್ಕೆಲ್ಲ ಮ್ಯಾಟ್‌ಗಿಂತ ಹೊಂದುತ್ತದೆ. ಒಂದೇ ತಯಾರಕರ ಒಂದೇ ಸರಣಿಯ ಗ್ಲಾಸಿ ಮತ್ತು ಮ್ಯಾಟನ್ನು ಸಮಸಮ ಬೆರೆಸಿದರೂ ಸ್ಯಾಟಿನ್ ಆಗುತ್ತದೆ. ಬೇರೆ ಬೇರೆ ತಯಾರಕರದ್ದು ಬೆರೆಸಬೇಡಿ. ರಾಳ ಹೊಂದದಿದ್ದರೆ ಬಟ್ಟಲಲ್ಲೇ ಮೊಸರಿನ ಹಾಗೆ ಒಡೆಯಬಹುದು.

ಕೆಳಗೆ ಏನಿದೆ, ಒಣಗಿದೆಯೇ

ಅಕ್ರಿಲಿಕ್ ಬಣ್ಣ ಮುಟ್ಟಿದರೆ ಅಂಟದಂತಾಗಲು ಕೆಲವೇ ನಿಮಿಷ ಸಾಕು. ಆದರೆ ಅದು ಮೇಲ್ಮೈಯ ಮಾತು. ಒಳಗಿನ ನೀರು ಪೂರ್ತಿ ಆರಿ, ರಾಳದ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿ ಪೊರೆಯಾಗಲು ಇನ್ನೂ ಸಮಯ ಬೇಕು. 24 ಗಂಟೆ ಬಿಡುವುದು ರೂಢಿ. ಅನೇಕ ಪದರ ಕೂತಿದ್ದರೆ, ಗಾಳಿಯಲ್ಲಿ ತೇವ ಇದ್ದರೆ 48 ಗಂಟೆ. ಅರೆ ಒಣಗಿದ ಬಣ್ಣದ ಮೇಲೆ ದ್ರಾವಕ ಆಧಾರಿತ ಸ್ಪ್ರೇ ಬಿದ್ದರೆ ಬಣ್ಣ ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಇಲ್ಲವೇ ಒಡೆದ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ತೈಲವರ್ಣದ ವಾಶ್, ಅಂದರೆ ತಗ್ಗುಗಳಿಗೆ ಹರಿಯುವಂತೆ ತೆಳುಮಾಡಿದ ಬಣ್ಣ, ಬಳಸಿದ್ದರೆ ಒಂದು ದಿನದ ಲೆಕ್ಕ ಸಾಲದು, ಹಲವು ದಿನ ಬಿಡಬೇಕು. ತೈಲವರ್ಣ ಒಣಗುವುದು ನೀರು ಆರಿ ಅಲ್ಲ, ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವುದರಿಂದ.

ಒಣಗಿದ್ದೂ ಮತ್ತೆ ಕರಗಬಹುದು. ಪೆನ್ನಿನಿಂದ ಬರೆದ ಅಕ್ಷರ, ನೀರು ತಾಗಿದರೆ ಬಿಡುವ ಶಾಯಿ, ಗ್ವಾಶ್ ಎಂಬ ಅಪಾರದರ್ಶಕ ಜಲವರ್ಣ, ಪ್ರೈಮರ್ ಎಂಬ ತಳಬಣ್ಣದ ಮೇಲೆ ಒಂದೇ ಕೈಯಲ್ಲಿ ಬೆಳಕು ನೆರಳು ಎರಡನ್ನೂ ಕೊಡುವ ಕೆಲವು ತೆಳು ಬಣ್ಣಗಳು, ಇವುಗಳ ಮೇಲೆ ನೀರು ಆಧಾರಿತ ವಾರ್ನಿಷನ್ನು ಬ್ರಷ್‌ನಿಂದ ಎಳೆದರೆ ಬಣ್ಣ ಬ್ರಷ್ ಜೊತೆಗೇ ಹರಿದುಬರುತ್ತದೆ. ಅಂಥಲ್ಲಿ ಮೊದಲ ಕೋಟನ್ನು ಸ್ಪ್ರೇ ಅಥವಾ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಮಂಜಿನ ಹಾಗೆ ಕೂರಿಸಿ, ಅದು ಆರಿದ ಮೇಲೆ ಬ್ರಷ್ ಮುಟ್ಟಿಸುವುದು ಕ್ಷೇಮ. ಆಲ್ಕೋಹಾಲ್ ಆಧಾರಿತ ಚಿನ್ನದ ಬಣ್ಣದ ಮೇಲೆ ಆಲ್ಕೋಹಾಲ್ ಇರುವ ವಾರ್ನಿಷ್ ಬೇಡವೇ ಬೇಡ. ಧೂಳು, ತುಕ್ಕು ತೋರಿಸಲು ಉದುರಿಸಿದ ಒಣ ಪಿಗ್ಮೆಂಟ್ ಪುಡಿ ವಾರ್ನಿಷ್ ತಾಗಿದ ಕೂಡಲೇ ನೆನೆದ ಮಣ್ಣಿನಂತೆ ಕಪ್ಪಾಗುತ್ತದೆ, ಒಮ್ಮೊಮ್ಮೆ ಕಾಣದಂತೆಯೇ ಆಗುತ್ತದೆ. ಪುಡಿಯ ಕೆಲಸವನ್ನು ಮ್ಯಾಟ್ ಆದ ಮೇಲೆ ಇಟ್ಟುಕೊಳ್ಳುವುದೇ ಸರಿ.

ಬಗ್ಗಿಸಿದರೆ ಬಗ್ಗುವ ಮೃದು ಪಿವಿಸಿ ಗೊಂಬೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಸ್ಪ್ರೇಗಳು ಆ ಪ್ಲಾಸ್ಟಿಕ್ಕಿನ ಜೊತೆ ಸೇರಿ ಎಷ್ಟು ದಿನ ಬಿಟ್ಟರೂ ಅಂಟುಅಂಟಾಗಿಯೇ ಉಳಿಯುತ್ತವೆ. ಇವಕ್ಕೆ ನೀರಿನ ವಾರ್ನಿಷನ್ನು ಬ್ರಷ್‌ನಲ್ಲಿ ಹಚ್ಚುವುದು ಒಳ್ಳೆಯದು. ಯಾವ ಗೊಂಬೆಯೇ ಆಗಲಿ, ಹಚ್ಚುವ ಮುನ್ನ ಮೃದುವಾದ ಒಣ ಬ್ರಷ್‌ನಿಂದ ಧೂಳು ಕೊಡವಿ. ಬರಿಗೈಯಲ್ಲಿ ಹಿಡಿಯಬೇಡಿ, ಬೆರಳಿನ ಜಿಡ್ಡು ಕೂತಲ್ಲಿ ವಾರ್ನಿಷ್ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡು ಕಲೆ ಬಿಡುತ್ತದೆ. ಬಾಟಲಿಯ ಮುಚ್ಚಳಕ್ಕೋ ಮರದ ತುಂಡಿಗೋ ಅಂಟಿಸಿ, ಅದನ್ನೇ ಹಿಡಿಕೆ ಮಾಡಿಕೊಳ್ಳಿ.

ಸ್ಪ್ರೇ ಡಬ್ಬಿ ಮತ್ತು ಗಾಳಿಯಲ್ಲಿನ ನೀರು

ಬೂದಿ ಹಿಡಿದ ಗೊಂಬೆಗಳಲ್ಲಿ ಬಹುಪಾಲು ಬರುವುದು ಸ್ಪ್ರೇ ಡಬ್ಬಿಯಿಂದ. ಎಲ್ಲ ಬಿಳುಪೂ ಒಂದೇ ಅಲ್ಲ, ಕಾರಣವೂ ಒಂದಲ್ಲ. ನೋಡಿ, ಮುಟ್ಟಿ ಗುರುತಿಸಬಹುದು.

ಗೊಂಬೆಯ ಮೈಯೆಲ್ಲ ಒಂದೇ ಸಮನೆ ಹಾಲು ಸವರಿದಂತಿದ್ದು, ಮುಟ್ಟಿದರೆ ನುಣುಪಾಗಿಯೇ ಇದ್ದರೆ ಅದು ತೇವದ ಕೆಲಸ. ದ್ರಾವಕ ಬೇಗಬೇಗ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಅಂಗೈಗೆ ಸ್ಪಿರಿಟ್ ಸವರಿದಾಗ ತಣ್ಣಗಾಗುತ್ತದಲ್ಲ, ಹಾಗೆ. ಡಬ್ಬಿಯಿಂದ ಹೊರಬರುವ ಅನಿಲವೂ ತಣ್ಣಗಿರುತ್ತದೆ. ಮೇಲ್ಮೈಯ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕೆಳಗೆ ಇಳಿದರೆ ಗಾಳಿಯಲ್ಲಿನ ನೀರಾವಿ ಹಸಿ ವಾರ್ನಿಷಿನ ಮೇಲೆ ಹನಿಗಟ್ಟಿ ಅದರೊಳಗೇ ಸಿಕ್ಕಿಬೀಳುತ್ತದೆ. ಲೆಕ್ಕ ಹಾಕಿ ನೋಡಿ. 25 ಡಿಗ್ರಿ ಸೆಲ್ಸಿಯಸ್, ಶೇ. 50 ತೇವಾಂಶ ಇದ್ದಾಗ ಇಬ್ಬನಿ ಬಿಂದು ಸುಮಾರು 14 ಡಿಗ್ರಿ. ಮೇಲ್ಮೈ 11 ಡಿಗ್ರಿ ಇಳಿಯಬೇಕು, ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. 30 ಡಿಗ್ರಿ, ಶೇ. 70 ತೇವಾಂಶ ಇದ್ದರೆ ಇಬ್ಬನಿ ಬಿಂದು 24ರ ಹತ್ತಿರ. ಆರು ಡಿಗ್ರಿ ಇಳಿದರೆ ಮುಗಿಯಿತು. ಬೆಚ್ಚಗಿದೆ ಎಂದ ಮಾತ್ರಕ್ಕೆ ಆ ದಿನ ವಾರ್ನಿಷ್‌ಗೆ ಒಳ್ಳೆಯ ದಿನವಲ್ಲ ಎನ್ನುವುದು ಇದಕ್ಕೇ. ತೇವಾಂಶ ಅಳೆಯುವ ಪುಟ್ಟ ಮಾಪಕ ಮೇಜಿನ ಮೇಲಿರಲಿ. ಶೇ. 60 ದಾಟಿದ್ದರೆ ಡಬ್ಬಿಯನ್ನು ಮುಟ್ಟದಿರುವುದು ಲೇಸು. ಮಳೆ ಸುರಿಯುತ್ತಿರುವಾಗ ಕಿಟಕಿ ತೆರೆದು ಸ್ಪ್ರೇ ಮಾಡುವ ಧೈರ್ಯದ ಬಗ್ಗೆ ಹೇಳುವುದೇನೂ ಇಲ್ಲ.

ಮೈ ಮರಳುಕಾಗದದಂತೆ ತರಿತರಿಯಾಗಿ, ಡಬ್ಬಿಗೆ ಎದುರಾಗಿದ್ದ ಕಡೆ ಮಾತ್ರ ಪುಡಿ ಕೂತಂತಿದ್ದರೆ ಕಾರಣ ಬೇರೆ. ಹನಿಗಳು ಗೊಂಬೆಯನ್ನು ತಲುಪುವ ಮೊದಲೇ ಗಾಳಿಯಲ್ಲೇ ಒಣಗಿವೆ. ತೀರಾ ದೂರದಿಂದ ಹೊಡೆದರೆ, ಬಿಸಿಲಿನಲ್ಲಿ ಹೊಡೆದರೆ, ಗಾಳಿ ಬೀಸುತ್ತಿದ್ದರೆ ಹೀಗಾಗುತ್ತದೆ. ಒಣಗಿದ ಹನಿ ಹರಡಿಕೊಳ್ಳುವುದಿಲ್ಲ, ಪುಡಿಯಾಗಿ ಕೂರುತ್ತದೆ. ಕುಟ್ಟಿದ ಗಾಜು ನೆನಪಿದೆಯಲ್ಲ.

ಮಡಿಕೆ, ಸಂದುಗಳಲ್ಲಿ ಮಾತ್ರ ಬಿಳಿ ನಿಂತಿದ್ದರೆ ವಾರ್ನಿಷ್ ಹೆಚ್ಚಾಗಿದೆ. ಅದು ತಗ್ಗಿಗೆ ಹರಿದು, ಸಿಲಿಕಾ ಅಲ್ಲಿ ಗುಡ್ಡೆಯಾಗಿದೆ. ಕೆಲವೆಡೆ ಹೊಳಪು, ಕೆಲವೆಡೆ ಮಾಸಲು ಎಂದಿದ್ದರೆ ಡಬ್ಬಿ ಸರಿಯಾಗಿ ಕಲಕಿಲ್ಲ. ಸಿಲಿಕಾ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೊದಲು ಬರಿಯ ರಾಳ ಹೊರಬಂದು ಮಿಂಚುತ್ತದೆ, ಡಬ್ಬಿ ಖಾಲಿಯಾಗುತ್ತ ಬಂದಂತೆ ಉಳಿದ ಪುಡಿಯೆಲ್ಲ ಒಮ್ಮೆಲೇ ಬರುತ್ತದೆ. ಡಬ್ಬಿಯ ಕೊನೆಯ ಕಾಲುಭಾಗವನ್ನು ಒಳ್ಳೆಯ ಗೊಂಬೆಗೆ ಬಳಸದಿರುವುದೇ ಜಾಣತನ. ಅದು ಬಂಡೆಗೂ ಗೋಡೆಗೂ ಸಾಕು.

ಇನ್ನು ಹೊಡೆಯುವ ಬಗೆ. ಡಬ್ಬಿ ತಣ್ಣಗಿದ್ದರೆ ಒತ್ತಡ ಇಳಿದು ಹನಿ ದಪ್ಪವಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ, ಒರೆಸಿ. ಒಲೆ, ಕುದಿವ ನೀರು, ಬಿಸಿಲಿಗೆ ಬಿಟ್ಟ ಕಾರು ಯಾವುದೂ ಕೂಡದು. 50 ಡಿಗ್ರಿ ಮೀರಬಾರದು ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ, ಮೀರಿದರೆ ಸಿಡಿಯುತ್ತದೆ. ಒಳಗಿನ ಗುಂಡು ಗಲಗಲ ಎನ್ನಲು ಶುರುವಾದ ಮೇಲೆ ಪೂರ್ತಿ ಎರಡು ನಿಮಿಷ ಅಲ್ಲಾಡಿಸಿ, ಗಡಿಯಾರ ನೋಡಿಕೊಂಡೇ. ಅಂದಾಜಿನ ಎರಡು ನಿಮಿಷ ಬಹುತೇಕ ಮೂವತ್ತು ಸೆಕೆಂಡಿಗೇ ಮುಗಿದುಹೋಗಿರುತ್ತದೆ. ಬಣ್ಣ ಹಾಕಿದ, ಹೋದರೆ ಹೋಗಲಿ ಎನ್ನುವಂಥ ಒಂದು ಗೊಂಬೆಗೆ ಮೊದಲು ಹೊಡೆದು ಕಾಲು ಗಂಟೆ ಕಾಯಿರಿ. ಈ ಪರೀಕ್ಷೆ ಹೊಸ ಡಬ್ಬಿಗೆ ಒಮ್ಮೆ ಮಾಡಿ ಬಿಡುವಂಥದ್ದಲ್ಲ, ಹೊಡೆಯುವ ಪ್ರತಿ ದಿನ ಮಾಡಬೇಕಾದದ್ದು. ಡಬ್ಬಿ ಹಳೆಯದೇ ಇದ್ದರೂ ಗಾಳಿ ಇವತ್ತಿನದು.

ದೂರ 20ರಿಂದ 30 ಸೆಂಟಿಮೀಟರ್. ಗುಂಡಿ ಒತ್ತುವುದು ಗೊಂಬೆಯಾಚೆ, ಬಿಡುವುದೂ ಗೊಂಬೆಯಾಚೆ. ಒತ್ತುವಾಗಲೂ ಬಿಡುವಾಗಲೂ ಮೂತಿ ದಪ್ಪ ಹನಿ ಉಗುಳುತ್ತದೆ. ನಡುವೆ ಗೊಂಬೆಯ ಮೇಲೆ ಹಾದುಹೋಗಲು ಒಂದು ಸೆಕೆಂಡೂ ಬೇಡ. ಕೈ ನಿಲ್ಲಬಾರದು. ಕಾಲುಸುತ್ತು ತಿರುಗಿಸಿ ಇನ್ನೊಮ್ಮೆ, ಹೀಗೆ ನಾಲ್ಕು ಕಡೆ, ಆಮೇಲೆ ಮೇಲಿನಿಂದ, ಗೊಂಬೆಯನ್ನು ಓರೆ ಹಿಡಿದು ಕೆಳಗಿನಿಂದ. ಗಲ್ಲದ ಕೆಳಗೆ, ಮೇಲಂಗಿಯ ಒಳಮೈಗೆ ವಾರ್ನಿಷ್ ತಲುಪದೆ ಉಳಿಯುವುದು ಮಾಮೂಲು. ಒಂದು ಕೋಟ್ ಮುಗಿದಾಗ ಗೊಂಬೆ ಒದ್ದೆಯಾಗಿ ಕಾಣಬಾರದು, ತುಸು ಮಿರುಗಿದಂತೆ ಕಂಡರೆ ಸಾಕು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು. ಡಬ್ಬಿಯ ಮೇಲೆ ಬೇರೆ ಅವಧಿ ಬರೆದಿದ್ದರೆ ಅದೇ ಅಂತಿಮ. ಒಂದು ದಪ್ಪ ಕೋಟ್‌ಗಿಂತ ಎರಡು ತೆಳು ಕೋಟ್ ಯಾವಾಗಲೂ ಮೇಲು. ಮುಗಿದ ಮೇಲೆ ಡಬ್ಬಿ ತಲೆಕೆಳಗು ಮಾಡಿ ಬರೀ ಅನಿಲ ಬರುವವರೆಗೆ ಒತ್ತಿ ಮೂತಿ ಶುದ್ಧ ಮಾಡಿಡಿ. ಮುಖಕ್ಕೆ ದ್ರಾವಕದ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಬಟ್ಟೆಯ ಮಾಸ್ಕಿನಿಂದ ಧೂಳಷ್ಟೇ ನಿಲ್ಲುತ್ತದೆ, ಆವಿ ನಿಲ್ಲುವುದಿಲ್ಲ.

ಬೂದಿ ಹಿಡಿದದ್ದನ್ನು ಉಳಿಸಿಕೊಳ್ಳುವುದು

ಮೊದಲ ಕೆಲಸ ಏನೂ ಮಾಡದಿರುವುದು. ಒರೆಸಬೇಡಿ, ಗಾಬರಿಯಲ್ಲಿ ಇನ್ನೊಂದು ಕೈ ಮ್ಯಾಟ್ ಹೊಡೆಯಬೇಡಿ. ಒಂದು ದಿನ ಒಣ ಜಾಗದಲ್ಲಿ ಬಿಡಿ; ತೆಳುವಾದ ಮಬ್ಬು ಕೆಲವು ಸಲ ತಾನಾಗಿ ತಿಳಿಯಾಗುತ್ತದೆ.

ಆಗದಿದ್ದರೆ ಗಾಜಿನ ಪುಡಿಗೆ ನೀರು ಹನಿಸಿದ ಉಪಾಯ. ಇಲ್ಲಿ ನೀರಿನ ಬದಲು ಗ್ಲಾಸಿ ವಾರ್ನಿಷ್. ಗೊಂಬೆಯ ಬೆನ್ನಲ್ಲೋ ಅಂಗಾಲಿನ ಬಳಿಯೋ ಒಂದು ಚೂರು ಜಾಗಕ್ಕೆ ಬ್ರಷ್‌ನಿಂದ ಹಚ್ಚಿ. ಗ್ಲಾಸಿ ಆ ಕಣಗಳ ನಡುವಿನ ಗಾಳಿಯನ್ನು ಹೊರಗೆ ತಳ್ಳಿ ಜಾಗ ತುಂಬಿಕೊಂಡಾಗ ಬಿಳುಪು ಕಣ್ಣೆದುರಿಗೇ ಕರಗಿ ಕೆಳಗಿನ ಬಣ್ಣ ಮೇಲೇಳುತ್ತದೆ. ಫಲ ಕಂಡರೆ ಇಡೀ ಗೊಂಬೆಗೆ ತೆಳುವಾಗಿ ಹಚ್ಚಿ, ಒಂದು ದಿನ ಒಣಗಿಸಿ, ಒಳ್ಳೆಯ ಹವೆ ನೋಡಿ ಮತ್ತೆ ಮ್ಯಾಟ್ ಹೊಡೆಯಿರಿ. ತೇವ ಸಿಕ್ಕಿಬಿದ್ದು ಬಿಳಿಯಾಗಿದ್ದರೆ ಅದೇ ಬಗೆಯ ದ್ರಾವಕದ ಗ್ಲಾಸಿ ಸ್ಪ್ರೇಯನ್ನು ಒಣ ಹವೆಯಲ್ಲಿ ಹಗುರವಾಗಿ ಹಾಯಿಸಿದಾಗ ಪೊರೆ ಮತ್ತೆ ಮೆತ್ತಗಾಗಿ ನೀರಿಗೆ ಹೊರಹೋಗಲು ದಾರಿಯಾಗುತ್ತದೆ. ತರಿತರಿ ಪುಡಿ ಕೂತಿದ್ದರೆ ಗ್ಲಾಸಿಗೆ ಮೊದಲು ಒಣ ಬ್ರಷ್‌ನಿಂದ ಉದುರುವಷ್ಟನ್ನು ಉದುರಿಸಿ. ಸಂದಿನಲ್ಲಿ ದಪ್ಪವಾಗಿ ನಿಂತ ಬಿಳಿ ಮಾತ್ರ ಹಟಮಾರಿ. ಅಲ್ಲಿ ಕಣಗಳ ನಡುವೆ ಗ್ಲಾಸಿ ಇಳಿಯುವುದೇ ಕಷ್ಟ, ಆ ಜಾಗದ ನೆರಳನ್ನು ಹೊಸದಾಗಿ ಹಾಕುವುದೊಂದೇ ದಾರಿ.

ಅಡುಗೆ ಎಣ್ಣೆ ಸವರಿದರೆ ಬಿಳುಪು ಹೋಗುತ್ತದೆ ಎನ್ನುತ್ತಾರೆ. ಹೋಗುವುದು ನಿಜ, ಕಾರಣವೂ ಇದೇ. ಆದರೆ ಎಣ್ಣೆ ಅಲ್ಲಿಯೇ ಉಳಿಯುತ್ತದೆ, ಧೂಳು ಹಿಡಿಯುತ್ತದೆ, ಅದರ ಮೇಲೆ ಮುಂದೆ ಏನೂ ಕಚ್ಚಿಕೊಳ್ಳುವುದಿಲ್ಲ. ಗ್ಲಾಸಿ ವಾರ್ನಿಷ್ ಸಿಗುವಾಗ ಎಣ್ಣೆಯ ಗೊಡವೆ ಬೇಡ.

ಬ್ರಷ್, ಏರ್‌ಬ್ರಷ್

ಹವೆಯ ಮರ್ಜಿ ಕಾಯಲಾಗದವರಿಗೆ ಬ್ರಷ್. ಇಲ್ಲಿ ದ್ರಾವಕದ ಚಳಿಯಿಲ್ಲ, ಗಾಳಿಯಲ್ಲಿ ಹನಿ ಒಣಗುವುದಿಲ್ಲ. ತಪ್ಪಾದರೆ ಅದು ಕೈಯದು. 5ರಿಂದ 6 ಮಿಲಿಮೀಟರ್ ಅಗಲದ ಮೃದು ಸಿಂಥೆಟಿಕ್ ಚಪ್ಪಟೆ ಬ್ರಷ್ ಒಂದನ್ನು ವಾರ್ನಿಷಿಗೇ ಮೀಸಲಿಡಿ. ಬಣ್ಣಕ್ಕೆ ಬಳಸಿದ ಬ್ರಷ್‌ನ ಬುಡದಲ್ಲಿ ಹಳೆಯ ಬಣ್ಣ ಅಡಗಿರುತ್ತದೆ. ಬಾಟಲಿಯನ್ನು ಜೋರಾಗಿ ಕುಲುಕಿದರೆ ನೊರೆ ಏಳುತ್ತದೆ, ಅಂಗೈಗಳ ನಡುವೆ ಉರುಳಿಸಿ, ತಲೆಕೆಳಗು ಮಾಡಿ, ತಳದ ಸಿಲಿಕಾ ಪೂರ್ತಿ ಮೇಲೇಳುವವರೆಗೆ. ನಾಲ್ಕು ಹನಿ ವಾರ್ನಿಷಿಗೆ ಒಂದು ಹನಿ ನೀರು ಸಾಕು. ಅದಕ್ಕಿಂತ ತೆಳು ಬೇಕೆಂದರೆ ನೀರಲ್ಲ, ಆ ತಯಾರಕರದ್ದೇ ಮೀಡಿಯಂ, ಅಂದರೆ ಬಣ್ಣವಿಲ್ಲದ ರಾಳದ ದ್ರವ, ಬೆರೆಸಿ. ನೀರು ಹೆಚ್ಚಾದರೆ ರಾಳದ ಕಣಗಳು ಒಂದಕ್ಕೊಂದು ಬೆಸೆಯದೆ ಪೊರೆಯೇ ದುರ್ಬಲವಾಗುತ್ತದೆ.

ತಲೆಯಿಂದ ಕೆಳಕ್ಕೆ, ಒಂದು ಸಲಕ್ಕೆ ಒಂದು ಭಾಗ. ಎರಡು ಮೂರು ಎಳೆತ, ಅಲ್ಲಿಗೆ ಬಿಡಿ. ಹಸಿ ವಾರ್ನಿಷ್ ಹಾಲಿನ ಹಾಗೆ ಕಾಣುವುದು ಸಹಜ, ಒಣಗುತ್ತ ತಿಳಿಯಾಗುತ್ತದೆ. ಅದನ್ನು ನೋಡಿ ಹೆದರಿ ಮತ್ತೆ ಮತ್ತೆ ಬ್ರಷ್ ಆಡಿಸುವುದೇ ಹೊಸಬರ ತಪ್ಪು. ಅರೆ ಒಣಗಿದ ಪೊರೆ ಹರಿದು ಬಿಳಿ ಗೆರೆ ಏಳುತ್ತದೆ, ಆಗ ನಿಜಕ್ಕೂ ಹೆದರಬೇಕಾಗುತ್ತದೆ. ಸಂದಿನಲ್ಲಿ ನಿಂತದ್ದನ್ನು ಅರ್ಧ ನಿಮಿಷದೊಳಗೆ ಸ್ವಚ್ಛ, ತುಸು ಒದ್ದೆ ಬ್ರಷ್‌ನ ತುದಿಯಿಂದ ಹೀರಿಸಿ ತೆಗೆಯಿರಿ. ಗುಳ್ಳೆ ಎದ್ದರೆ ಅದರ ಮೇಲೆ ಮೆಲ್ಲಗೆ ಬಾಯಿಯಿಂದ ಊದಿದರೆ ಒಡೆಯುತ್ತದೆ. ಎರಡನೆಯ ಕೋಟ್‌ಗೆ ಒಂದೆರಡು ಗಂಟೆ ಬಿಡಿ.

ಏರ್‌ಬ್ರಷ್ ಇದ್ದವರಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಹನಿ ಸಣ್ಣದು, ವಾರ್ನಿಷ್ ನೀರಿನದು, ಒತ್ತಡ ನಿಮ್ಮ ಕೈಯಲ್ಲಿ. 0.4 ಮಿಲಿಮೀಟರ್ ನಾಜಲ್, ಗಾಳಿಯ ಒತ್ತಡ 20ರಿಂದ 25 ಪಿಎಸ್‌ಐ, 10ರಿಂದ 15 ಸೆಂಟಿಮೀಟರ್ ದೂರ, ಎರಡು ಪಾಲು ವಾರ್ನಿಷಿಗೆ ಒಂದು ಪಾಲು ಥಿನ್ನರ್ ಎಂದು ಶುರು ಮಾಡಬಹುದು. ಏರ್‌ಬ್ರಷ್‌ಗೆಂದೇ ತೆಳುವಾಗಿ ಬರುವುದಿದ್ದರೆ ಬೆರೆಸುವುದೇ ಬೇಡ. ಸಿಲಿಕಾ ಸೂಜಿಯ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ. ನಾಲ್ಕೈದು ಗೊಂಬೆಗೊಮ್ಮೆ ನೀರು ಹಾಯಿಸಿ, ಮುಗಿದ ಕೂಡಲೇ ಬಿಚ್ಚಿ ತೊಳೆಯಿರಿ. ವಾರ್ನಿಷ್ ಒಳಗೇ ಒಣಗಿದರೆ ಮರುದಿನ ನಾಜಲ್ ಬಿಡಿಸುವುದರಲ್ಲೇ ಬೆಳಗ್ಗೆ ಕಳೆಯುತ್ತದೆ.

ಯಾವುದರ ಮೇಲೆ ಯಾವುದು

ಕಪಾಟಿನ ಗಾಜಿನ ಹಿಂದೆ ನಿಂತೇ ಇರುವ ಗೊಂಬೆಗೆ ವಾರ್ನಿಷ್ ಬೇಕೇ ಬೇಕೆಂದೇನೂ ಇಲ್ಲ. ಬಣ್ಣಗಳ ಹೊಳಪು ಒಂದಕ್ಕೊಂದು ಹೊಂದಿಕೊಂಡಿದ್ದರೆ ಸುಮ್ಮನೆ ಬಿಡುವುದೂ ಒಂದು ತೀರ್ಮಾನವೇ. ಆಟದಲ್ಲಿ ಕೈಯಿಂದ ಕೈಗೆ ಹೋಗುವ, ಚೀಲದಲ್ಲಿ ಓಡಾಡುವ ಗೊಂಬೆಯ ಮಾತು ಬೇರೆ, ಅದರಲ್ಲೂ ಲೋಹದ ಎರಕದ್ದಾದರೆ. ಅದರ ತೂಕಕ್ಕೆ ಒಂದು ಸಲ ಬಿದ್ದರೆ ಕತ್ತಿಯ ತುದಿ, ಮೂಗು, ಮೊಣಕೈ ಬೆತ್ತಲಾಗುತ್ತವೆ. ಇಂಥವಕ್ಕೆ ಮೊದಲು ಗ್ಲಾಸಿ, ಮೇಲೆ ಮ್ಯಾಟ್. ಪುಡಿ ಸೇರದ ಗ್ಲಾಸಿ ಪೊರೆ ಎಡೆಬಿಡದೆ ಕೂಡಿಕೊಂಡಿರುವುದರಿಂದ ಉಜ್ಜುವಿಕೆಯನ್ನು ಹೆಚ್ಚು ತಾಳುತ್ತದೆ, ಮ್ಯಾಟ್ ಕೇವಲ ನೋಟಕ್ಕೆ. ಇನ್ನೊಂದು ಅನುಕೂಲವೂ ಇದೆ: ಆಟ ಆಡಿ ಆಡಿ ಮ್ಯಾಟ್ ಸವೆದಾಗ ಆ ಜಾಗ ಮಿಂಚತೊಡಗುತ್ತದೆ, ಬಣ್ಣ ಹೋಗುವ ಮೊದಲೇ ಸೂಚನೆ ಸಿಗುತ್ತದೆ. ಎರಡರ ನಡುವೆ 24 ಗಂಟೆ.

ನೀರಲ್ಲಿ ನೆನೆಸಿ ಅಂಟಿಸುವ ಡೆಕಾಲ್ (ತೆಳು ಪೊರೆಯ ಮೇಲೆ ಅಚ್ಚಾದ ಚಿತ್ರ) ಇದ್ದರೆ ಗ್ಲಾಸಿ ಅದಕ್ಕೂ ಮೊದಲು ಬರಬೇಕು. ಮ್ಯಾಟ್ ಮೈಯ ಉಬ್ಬುತಗ್ಗಿನ ಮೇಲೆ ಡೆಕಾಲ್ ಪೂರ್ತಿ ಕೂರದೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯಂತೆ ಮಿನುಗುತ್ತದೆ. ಗ್ಲಾಸಿ, ಡೆಕಾಲ್, ಮತ್ತೆ ಗ್ಲಾಸಿ, ಕೊನೆಗೆ ಮ್ಯಾಟ್.

ಗ್ಲಾಸಿ ಹಚ್ಚಿದ ಗೊಂಬೆಗಳನ್ನು ಬೇಗ ಫೋಮ್ ಪೆಟ್ಟಿಗೆಗೆ ಹಾಕಬೇಡಿ. ಒಣಗಿದ ಅಕ್ರಿಲಿಕ್ಕೂ ಸೆಕೆಗೆ ಮೆತ್ತಗಾಗುತ್ತದೆ, ಒತ್ತಿಕೊಂಡ ಕಡೆ ಫೋಮಿನ ಗುರುತು ಅಚ್ಚೊತ್ತಿದಂತೆ ಉಳಿಯುತ್ತದೆ. ಒಂದು ವಾರ ತೆರೆದಿಟ್ಟ ಮೇಲೆ ನೋಡಿಕೊಳ್ಳಿ.

ಮ್ಯಾಟ್ ಆದ ಮೇಲೆ ಉಳಿಯುವ ಕೆಲಸಗಳೇ ಗೊಂಬೆಗೆ ಜೀವ ಕೊಡುವಂಥವು. ಕಾಲ ಕೆಳಗಿನ ಕೃತಕ ಹುಲ್ಲು, ನೀರಿನಂತೆ ಕಾಣಲು ಹಾಕುವ ರಾಳ, ಪಾರದರ್ಶಕ ಗಾಜಿನ ಭಾಗ ಇವೆಲ್ಲ ಸ್ಪ್ರೇ ಮುಗಿದ ಮೇಲೆ ಸೇರಬೇಕು. ಹುಲ್ಲಿನ ಎಳೆಗಳ ಮೇಲೆ ಮ್ಯಾಟ್ ಬಿದ್ದರೆ ಹಿಮ ಸುರಿದಂತಾಗುತ್ತದೆ, ಪಾರದರ್ಶಕ ಭಾಗದ ಮೇಲೆ ಬಿದ್ದರೆ ಮಬ್ಬಾಗಿ ಮತ್ತೆ ತಿಳಿಯಾಗುವುದಿಲ್ಲ. ಮೆಟಾಲಿಕ್ ಬಣ್ಣ ಮಂಕಾಗಿದ್ದರೆ ಕವಚದ ಮೇಲೆ ಸ್ಯಾಟಿನ್ ಅಥವಾ ಗ್ಲಾಸಿಯನ್ನು ತೆಳುವಾಗಿ ಎಳೆಯಿರಿ, ಇಲ್ಲವೇ ಅಂಚಿನ ಬೆಳ್ಳಿಗೆರೆಯನ್ನು ಈ ಹಂತದಲ್ಲೇ ಹೊಸದಾಗಿ ಹಾಕಿ. ರತ್ನ, ದುರ್ಬೀನಿನ ಮಸೂರ, ಹಸಿ ರಕ್ತ, ತೆರೆದ ಬಾಯೊಳಗಿನ ನಾಲಿಗೆ ಇವಕ್ಕೆ ಗ್ಲಾಸಿ ಎರಡು ಕೈ. ಸುತ್ತ ಎಲ್ಲವೂ ಮಾಸಲಾಗಿರುವುದರಿಂದಲೇ ಆ ಒಂದು ಚುಕ್ಕೆ ಒದ್ದೆಯಾಗಿ ಕಾಣುತ್ತದೆ.

ಕಣ್ಣು ಕೊನೆಗೆ. ಅತಿ ಸಣ್ಣ ಬ್ರಷ್‌ನ ತುದಿಗೆ ಗ್ಲಾಸಿ ತಾಗಿಸಿ, ಒಮ್ಮೆ ಕಾಗದಕ್ಕೆ ಒರೆಸಿ, ಉಳಿದಷ್ಟನ್ನು ಮಾತ್ರ ಕಣ್ಣುಗುಡ್ಡೆಯ ನಡುವೆ ಮುಟ್ಟಿಸಿ ಬಿಡಬೇಕು. ಹನಿ ಒಂದಿಷ್ಟು ಹೆಚ್ಚಾದರೆ ಅದು ಕೆಳರೆಪ್ಪೆಗೆ ಇಳಿದು ನಿಲ್ಲುತ್ತದೆ, ಯುದ್ಧಕ್ಕೆ ಹೊರಟ ಸೈನಿಕ ಅತ್ತಂತೆ ಕಾಣುತ್ತಾನೆ.